ಬಿಗಿ ಕೈಯವಳ ಮಡಕೆ

ಕಂಪಲಾಪುರದ ಸುಂದ್ರಮ್ಮನಿಗೆ ಹೊಟ್ಟೆಕಿಚ್ಚು ಇದ್ದದ್ದು ಒಂದು ಮಣ್ಣಿನ ಮಡಕೆಯ ಮೇಲೆ. ಊರಲ್ಲಿ ಎರಡೆಳೆ ಸರ ಹಾಕಿಕೊಂಡು ಓಡಾಡುವವರಿದ್ದರು, ಹೊಸದಾಗಿ ಹೆಂಚಿನ ಮನೆ ಕಟ್ಟಿಸಿದವರಿದ್ದರು, ಗಂಡನ ಸ್ಕೂಟರಿನ ಹಿಂದೆ ಕೂತು ಪಿರಿಯಾಪಟ್ಟಣಕ್ಕೆ ಸಿನಿಮಾಕ್ಕೆ ಹೋಗುವವರೂ ಇದ್ದರು. ಅವರನ್ನೆಲ್ಲ ನೋಡಿ ಅವಳು ಸುಮ್ಮನಾಗುತ್ತಿದ್ದಳು. ತನ್ನದೇ ಅಡುಗೆಮನೆಯ ಮೂಲೆಯಲ್ಲಿ, ಬಾಯಿಗೆ ಅಲ್ಯೂಮಿನಿಯಂ ತಟ್ಟೆ ಮುಚ್ಚಿಕೊಂಡು ಕೂತಿರುತ್ತಿದ್ದ ಆ ಮಡಕೆಯನ್ನು ಕಂಡರೆ ಮಾತ್ರ ಎದೆಯೊಳಗೆ ಹಸಿ ಸೌದೆ ಇಟ್ಟಂತೆ ಹೊಗೆ ಏಳುತ್ತಿತ್ತು. ಅದು ಅವಳ ವಾರಗಿತ್ತಿ ವೀರಮ್ಮನ ಮಡಕೆ.

ಪಕ್ಕದಲ್ಲೇ ಸುಂದ್ರಮ್ಮನದೂ ಒಂದಿತ್ತು. ಎರಡನ್ನೂ ಒಂದೇ ದಿನ, ಒಬ್ಬನೇ ಕುಂಬಾರನ ಹತ್ತಿರ ಅತ್ತೆ ಮರಮ್ಮ ಕೊಂಡು ತಂದಿದ್ದಳು. ಮರಮ್ಮನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡಬೀರಯ್ಯನ ಹೆಂಡತಿ ಸುಂದ್ರಮ್ಮ, ಸಣ್ಣಬೀರಯ್ಯನ ಹೆಂಡತಿ ವೀರಮ್ಮ. ಸೊಸೆಯರಿಗೆ ವಾರದ ಸರದಿ: ಒಬ್ಬಳು ಒಲೆ ಮುಂದೆ ಇದ್ದರೆ ಇನ್ನೊಬ್ಬಳು ಹೊಲದ ಮೇಲೆ. ಒಲೆ ಮುಂದೆ ಇರುವವಳು ಪ್ರತಿ ಸಲ ಮುದ್ದೆಗೆ ಹಿಟ್ಟು ಹಾಕುವ ಮುಂಚೆ ಅಳೆದು ಕೊಟ್ಟ ಹಿಟ್ಟಿನಲ್ಲಿ ಒಂದು ಹಿಡಿ ತೆಗೆದು ತನ್ನ ಮಡಕೆಗೆ ಹಾಕಬೇಕು. ಮರಮ್ಮನ ಅತ್ತೆಯ ಕಾಲದಿಂದ ಬಂದ ಪದ್ಧತಿ ಅದು. ಭಾನುವಾರ ಬೆಳಿಗ್ಗೆ ಮರಮ್ಮ ಮಡಕೆಗೆ ಕೈ ಹಾಕಿ, ಬಟ್ಟಲಲ್ಲಿ ಅಳೆದು, ಹಿಟ್ಟಿನ ಪೆಟ್ಟಿಗೆಗೆ ಸುರಿದುಕೊಳ್ಳುತ್ತಿದ್ದಳು. ಅಷ್ಟರಮಟ್ಟಿಗೆ ಗಿರಣಿಗೆ ಹೋಗುವ ರಾಗಿ ಕಡಿಮೆ. ಉಳಿದ ರಾಗಿ ಸಂತೆಗೆ. ಹೀಗೆ ಉಳಿದ ರಾಗಿಯಲ್ಲಿ ಒಂದು ವರ್ಷ ಮನೆಗೆ ಟೇಪ್ ರೆಕಾರ್ಡರ್ ಬಂತು, ಇನ್ನೊಂದು ವರ್ಷ ಸಣ್ಣಬೀರಯ್ಯನ ಕೈಗೆ ವಾಚು ಬಂತು.

ಪೆಟ್ಟಿಗೆಯ ಬೀಗದ ಕೈ ಮರಮ್ಮನ ಸೊಂಟದಲ್ಲಿ. ಒಂದೊಂದು ಹೊತ್ತಿಗೂ ಅವಳೇ ಬೀಗ ತೆಗೆದು, ತಲೆಗೊಂದು ಬಟ್ಟಲಿನಂತೆ ಹಿಟ್ಟು ಅಳೆಯುತ್ತ ಗಟ್ಟಿಯಾಗಿ ಎಣಿಸುತ್ತಿದ್ದಳು. "ದೊಡ್ಡೋನು ಒಂದು, ಸಣ್ಣೋನು ಎರಡು, ಗುಂಡ ಮೂರು, ಮಕ್ಕಳು ಮೂರು ಸೇರಿ ಆರು, ನಂದು ಏಳು, ಹೊಲದ ಮೇಲಿರೋಳು ಎಂಟು." ಗುಂಡ ಅಂದರೆ ಮನೆಯ ಸಂಬಳದಾಳು. ಎಂಟಕ್ಕೆ ಪೆಟ್ಟಿಗೆಯ ಬಾಯಿ ಮುಚ್ಚುತ್ತಿತ್ತು. ಹೊತ್ತುಹೊತ್ತಿಗೂ ಇದೇ ಎಣಿಕೆ, ಇದೇ ರಾಗ. ಸುಂದ್ರಮ್ಮನ ಕಿವಿಗೆ ಅದು ಕೋಳಿ ಕೂಗಿದಷ್ಟೇ ರೂಢಿಯಾಗಿತ್ತು.

‘ಕೈ ಬಿಗಿ ಹಿಡೀರಿ’ ಅನ್ನುವುದು ಆ ಮನೆಯಲ್ಲಿ ಹೊಗೆಸೊಪ್ಪು ನಾಟಿಯಾದ ದಿನದಿಂದ ಹರಾಜು ಮುಗಿಯುವವರೆಗೂ ಕೇಳುತ್ತಿದ್ದ ಮಾತು. ಹೇಳುತ್ತಿದ್ದವನು ದೊಡ್ಡಬೀರಯ್ಯ, ಬಾಯಲ್ಲಿ ಬೀಡಿ ಇಟ್ಟುಕೊಂಡೇ. ಅವನು ಕೈ ಬಿಗಿ ಹಿಡಿದನೆಂದರೆ ಹುಣಸೂರಿಗೆ ಹೋದಾಗ ಎರಡು ಮಸಾಲೆದೋಸೆ ತಿನ್ನುವ ಕಡೆ ಒಂದು ತಿನ್ನುತ್ತಿದ್ದ, ತಿಂದುಬಂದು ಅದನ್ನು ಜಗುಲಿಯಲ್ಲಿ ಕೂತು ಹೇಳಿಕೊಳ್ಳುತ್ತಿದ್ದ. ಸಣ್ಣಬೀರಯ್ಯ ಕೈ ಬಿಗಿ ಹಿಡಿದರೆ ದೀಪಾವಳಿಯ ಷರಟು ಸಂಕ್ರಾಂತಿಗೆ ಹೋಗುತ್ತಿತ್ತು. ಹೆಂಗಸರು ಹಿಡಿಯಬೇಕಾದದ್ದು ದಿನಾ: ಹಿಟ್ಟು ಸುರಿಯುವಾಗ, ಒಗ್ಗರಣೆಗೆ ಎಣ್ಣೆ ಬಿಡುವಾಗ, ಬಟ್ಟೆಗೆ ಸೋಪು ಉಜ್ಜುವಾಗ, ಸೀಮೆಎಣ್ಣೆ ಬುಡ್ಡಿಯ ಬತ್ತಿ ಏರಿಸುವಾಗ. ಅವರ ಕೈಯಲ್ಲಿ ಒಂದು ದಿನವೂ ದುಡ್ಡು ನಿಂತದ್ದಿಲ್ಲ. ಆದರೂ ಕೈ ಬಿಗಿಯೋ ಸಡಿಲವೋ ಎಂದು ಊರು ಹಿಡಿದು ನೋಡುತ್ತಿದ್ದದ್ದು ಅವರ ಕೈಯನ್ನೇ. ಬಿಗಿ ಎನ್ನಿಸಿಕೊಂಡವಳಿಗೆ ನೀರಿನ ಟ್ಯಾಂಕಿನ ಹತ್ತಿರ ನಾಲ್ಕು ಜನ ದಾರಿ ಬಿಡುತ್ತಿದ್ದರು.

ಸುಂದ್ರಮ್ಮನದು ಸಡಿಲ ಕೈ.

ಅವಳು ಹೆಗ್ಗಡದೇವನಕೋಟೆ ಕಡೆಯ ಅಂತರಸಂತೆಯಲ್ಲಿ ಹುಟ್ಟಿದವಳು. ಬಡವರ ಮನೆ, ಆದರೆ ಇದ್ದದ್ದನ್ನು ಎಲ್ಲರೂ ಒಲೆಯ ಸುತ್ತ ಕೂತು ಉಣ್ಣುತ್ತಿದ್ದ ಮನೆ. ಅಗಲ ಮೂಳೆಯ, ದುಡಿದಷ್ಟೂ ಹಸಿಯುವ ಮೈ ಅವಳದು. ಕಂಪಲಾಪುರಕ್ಕೆ ಬಂದ ಹೊಸದರಲ್ಲಿ, ಎಲ್ಲರಿಗೂ ಬಡಿಸಿ ಪಾತ್ರೆ ನೋಡಿದರೆ ತಳದಲ್ಲಿ ಹಿಡಿದುಕೊಂಡ ಸೀಕು ಬಿಟ್ಟು ಏನೂ ಇರುತ್ತಿರಲಿಲ್ಲ. ಸೀಕು ಕೆರೆದು ತಿಂದು ನೀರು ಕುಡಿದಳು. ಒಂದು ತಿಂಗಳು ತಡೆದಳು. ಆಮೇಲೆ ಒಂದು ಕೆಲಸ ಕಲಿತಳು. ಈಗಿನ ಲೆಕ್ಕದಲ್ಲಿ ಹೇಳುವುದಾದರೆ, ಎಂಟು ಮುದ್ದೆ ಕಟ್ಟುವ ಹಿಟ್ಟಿನಲ್ಲಿ ಒಂಬತ್ತು ಕಟ್ಟಿ, ಒಂಬತ್ತನೆಯದನ್ನು ಮೊರದ ಕೆಳಗೆ ಬಚ್ಚಿಡುವುದು. ಎಲ್ಲರೂ ಎದ್ದ ಮೇಲೆ ಒಲೆಯ ಕಡೆ ಮುಖ ಮಾಡಿಕೊಂಡು ಗಬಗಬ ನುಂಗುವುದು. ಹತ್ತು ವರ್ಷ ಅವಳು ಅದನ್ನು ಮನಸ್ಸಿನಲ್ಲಿ ‘ಕಳ್ಳಮುದ್ದೆ’ ಎಂದೇ ಕರೆದಳು.

ಅದರಿಂದಾಗಿ ಅವಳ ವಾರದಲ್ಲಿ ಮುದ್ದೆ ಸಣ್ಣವು. "ಸುಂದ್ರಿ ಇಟ್ಟು ಮಾಡುದ್ರೆ ಕೊಡಗಿನ ಕಿತ್ಲೆಹಣ್ಣು ಬಡಿಸ್ದಂಗೆ ಕಣಪ್ಪ," ಎಂದು ಮರಮ್ಮ ನಗೆಯಾಡುತ್ತಿದ್ದಳು. ಈಗಾಗಲೇ ಸಣ್ಣವಾದ ಮುದ್ದೆಯಿಂದ ಮಡಕೆಗೆ ಹಿಡಿ ತೆಗೆಯುವುದೆಲ್ಲಿಂದ ಬಂತು? ಒಂದು ಹೊತ್ತು ತೆಗೆದರೆ ಇನ್ನೊಂದು ಹೊತ್ತು ಬಿಡುತ್ತಿದ್ದಳು.

ನಾಲ್ಕು ವರ್ಷದ ಮೇಲೆ ವೀರಮ್ಮ ಬಂದಳು. ಕೃಷ್ಣರಾಜನಗರದ ಕಡೆಯ ಮಿರ್ಲೆಯವಳು, ನಾಲೆ ನೀರಿನ ಸೀಮೆ, ಮೂರು ಹೊತ್ತೂ ಅನ್ನ ಉಂಡು ಬೆಳೆದವಳು. ಮುದ್ದೆ ತೊಳಸುವ ಕವೆಗೋಲು ಯಾವ ಕಡೆಯಿಂದ ಹಿಡಿಯಬೇಕೆಂದು ಗೊತ್ತಿರಲಿಲ್ಲ. ಹಿಟ್ಟನ್ನು ಗಂಟಿಲ್ಲದೆ ತೊಳಸುವುದು, ಪಾತ್ರೆ ಜಾರದಂತೆ ಮೆಟ್ಟಿ ಹಿಡಿಯುವುದು, ಒದ್ದೆ ಕೈಯಲ್ಲಿ ಸುಡುವ ಮುದ್ದೆಯನ್ನು ಹೊರಳಿಸುವುದು, ಎಲ್ಲ ಕಲಿಸಿದವಳು ಸುಂದ್ರಮ್ಮ. ಕಲಿತವಳು ವರ್ಷ ತುಂಬುವುದರೊಳಗೆ ಕಲಿಸಿದವಳನ್ನು ಮೀರಿಸಿಬಿಟ್ಟಳು. ವೀರಮ್ಮನ ವಾರದಲ್ಲಿ ಮುದ್ದೆ ಬೆಲ್ಲದಚ್ಚಿನಂತೆ ದುಂಡಗೆ, ದಪ್ಪಗೆ. ಮೇಲೆ ಮಡಕೆಯೂ ತುಂಬಿರುತ್ತಿತ್ತು. ಹೊಲದಿಂದ ಬಂದ ಸುಂದ್ರಮ್ಮನ ತಟ್ಟೆಗೆ ಅವಳು ಆ ಮುದ್ದೆ ಇಟ್ಟಾಗ, ‘ನೋಡ್ಕೊ, ನನ್ನದು ಹೇಗಿದೆ’ ಎಂದು ತೋರಿಸುತ್ತಿದ್ದಾಳೆ ಎಂದೇ ಸುಂದ್ರಮ್ಮನಿಗೆ ಅನ್ನಿಸುತ್ತಿತ್ತು. ಅನ್ನಿಸಿದರೂ ಕೊನೆಯ ತುತ್ತಿನವರೆಗೆ ಉಣ್ಣುತ್ತಿದ್ದಳು.

ತೊಂಬತ್ತೈದನೆಯ ಇಸವಿ. ಹೊಗೆಸೊಪ್ಪನ್ನು ಬ್ಯಾರನ್ನಿನ ಬಿಸಿಯಲ್ಲಿ ಬೇಯಿಸಿ ಒಣಗಿಸುವ ಕೆಲಸ ಮುಗಿಯುತ್ತ ಬಂದಿತ್ತು. ಒಂದು ಭಾನುವಾರ ಮರಮ್ಮ ಮಡಕೆ ಅಳೆಯಲು ಕೂತಳು. ಎರಡು ಕಣ್ಣಿಗೂ ಪೊರೆ ಬಂದು ಬಟ್ಟಲಿನ ಅಂಚನ್ನು ಬೆರಳಲ್ಲೇ ತಡವಿ ನೋಡುತ್ತಿದ್ದಳು.

"ವೀರಿದು ಓದ್ ವಾರ ಏಳು ಬಟ್ಲು. ನಿಂದು ಈ ವಾರ ಮೂರು ಕಣಮ್ಮಿ ಸುಂದ್ರಿ. ಒಂದೇ ಪೆಟ್ಟಿಗೆ ಇಟ್ಟು, ಒಂದೇ ಪಾತ್ರೆ. ಅದೆಂಗೆ?"

"ನಂಗೇನು ಗೊತ್ತು ಅತ್ತೆ. ಅವಳನ್ನೇ ಕೇಳಿ."

"ಬುಡಿ ಅತ್ತೆ," ಎಂದಳು ವೀರಮ್ಮ ಸಾರಿನ ಸೊಪ್ಪು ಸೋಸುತ್ತ. "ಅಕ್ಕನ ವಾರದಾಗೆ ನೆಂಟ್ರು ಬಂದಿದ್ರಲ್ವಾ."

ನೆಂಟರು ಬಂದಿದ್ದದ್ದು ಅದರ ಹಿಂದಿನ, ವೀರಮ್ಮನ ವಾರದಲ್ಲಿ. ವೀರಮ್ಮ ತನ್ನನ್ನು ಕಾಪಾಡಲು ಸುಳ್ಳು ಹೇಳಿದ್ದು ಸುಂದ್ರಮ್ಮನಿಗೆ ಬೈದದ್ದಕ್ಕಿಂತ ಹೆಚ್ಚು ಉರಿಯಿತು.

"ನೆಂಟ್ರಲ್ಲ, ಕೈ," ಎಂದಳು ಮರಮ್ಮ. "ಇವಳ ಕೈ ಬಿಗಿ, ಅವಳದು ಸಡ್ಲ. ಕೇಳ್ಕಳ್ರಮ್ಮಿ ಇಬ್ರೂ. ಸೊಪ್ಪಿನ ಕೆಲ್ಸ ಮುಗುದ್ ಮ್ಯಾಲೆ ಕಣ್ಣು ಆಪ್ರೇಸನ್ನಿಗೆ ಮೈಸೂರಿಗೆ ಓಯ್ತೀನಿ. ಓಗೋಕೆ ಮುಂಚೆ ಈ ಬೀಗದ ಕೈನ ಒಬ್ಬಳ ಸೊಂಟಕ್ಕೆ ಸಿಗಿಸ್ಬುಟ್ಟು ಓಯ್ತೀನಿ. ಬಂದ್ ಮ್ಯಾಲೂ ವಾಪಸ್ ಕೇಳಕಿಲ್ಲ. ಹಿರಿ ಸೊಸೆ, ಕಿರಿ ಸೊಸೆ ನೋಡಕಿಲ್ಲ. ಯಾರ ಕೈ ಬಿಗಿನೋ ಅವಳಿಗೆ."

ಹಿರಿಯ ಸೊಸೆ ಸುಂದ್ರಮ್ಮ. ಬೀಗದ ಕೈ ಕಿರಿಯವಳ ಸೊಂಟಕ್ಕೆ ಹೋದರೆ, ನಾಳೆಯಿಂದ ತನ್ನ ಮಕ್ಕಳಿಗೆ ಒಂದು ರೊಟ್ಟಿ ತಟ್ಟಬೇಕಾದರೂ ತಾನೇ ಕವೆಗೋಲು ಹಿಡಿಸಿ ಕಲಿಸಿದವಳ ಮುಂದೆ ಬಟ್ಟಲು ಹಿಡಿದು ನಿಲ್ಲಬೇಕು. ನೀರಿನ ಟ್ಯಾಂಕಿನ ಹತ್ತಿರ ಏನೆಂದುಕೊಳ್ಳುತ್ತಾರೆ ಎಂಬುದನ್ನು ನೆನೆಯಲೂ ಅವಳಿಗೆ ಆಗಲಿಲ್ಲ.

ಆ ವಾರವಿಡೀ ಅವಳು ವೀರಮ್ಮನ ಗುಟ್ಟು ಹುಡುಕಿದಳು. ನೀರು ಜಾಸ್ತಿ ಇಡುತ್ತಾಳೋ? ಮುದ್ದೆ ಮೆತ್ತಗಾಗುತ್ತಿತ್ತು, ಆಗಿರಲಿಲ್ಲ. ತಂಗಳನ್ನ ಬೆರೆಸುತ್ತಾಳೋ? ಮುರಿದು ನೋಡಿದಳು, ಅಗುಳಿರಲಿಲ್ಲ. ತನ್ನಂತೆಯೇ ಅವಳೂ ಒಂದು ಕಳ್ಳಮುದ್ದೆ ಉಣ್ಣುತ್ತಾಳೆ, ಉಣ್ಣದೆ ಯಾರು ಬದುಕುತ್ತಾರೆ. ಅದನ್ನೂ ಉಂಡು, ಎಲ್ಲರದನ್ನೂ ದಪ್ಪ ಕಟ್ಟಿ, ಮಡಕೆಯನ್ನೂ ತುಂಬುತ್ತಾಳೆ ಎಂದರೆ ಎಲ್ಲೋ ಹೊರಗಿನಿಂದ ಹಿಟ್ಟು ಬರುತ್ತಿರಬೇಕು. ಆಗ ಹೊಳೆಯಿತು: ವೀರಮ್ಮನ ತಮ್ಮ ಕೃಷ್ಣ ಹದಿನೈದು ದಿನಕ್ಕೊಮ್ಮೆ ಮಿರ್ಲೆಯಿಂದ ಬ್ಯಾಗು ಹಿಡಿದುಕೊಂಡು ಬರುತ್ತಾನಲ್ಲ!

ಅದನ್ನು ಮರಮ್ಮನ ಕಿವಿಗೆ ಹಾಕಿದಳು. "ತೌರಿನ ಇಟ್ಟು ಸುರ್ದು ಮಡಕೆ ತುಂಬ್ಸುದ್ರೆ ಅದು ಕೈ ಬಿಗಿ ಎಂಗಾದದು ಅತ್ತೆ?"

ಮರಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಂದಳು. "ಕಣ್ಣಾರ ಕಂಡಿದ್ದೀಯಾ?"

"ಇಲ್ಲ."

"ನನ್ ಕಣ್ಣಂತೂ ಓಯ್ತು. ನಿನ್ ಕಣ್ಣು ನೆಟ್ಟಗದೆಯಲ್ಲ. ಕಂಡು ಯೋಳು. ಸುಮ್ಸುಮ್ನೆ ಬಾಯಾಡ್ಬ್ಯಾಡ."

ಮತ್ತೆ ವೀರಮ್ಮನ ಒಲೆಯ ವಾರ ಬಂತು. ಮಂಗಳವಾರ ಬೆಳಿಗ್ಗೆ ಸುಂದ್ರಮ್ಮ ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ನಾಲ್ಕು ಹೆಣ್ಣಾಳುಗಳ ಜೊತೆ ಕೂತು ಕಡ್ಡಿಗೆ ಹೊಗೆಸೊಪ್ಪು ಕಟ್ಟುತ್ತಿದ್ದಳು. ಬಿಸಿಲೇರುತ್ತಿದ್ದಂತೆ ತಲೆನೋವೆಂದು ಎದ್ದಳು. ಸೊಪ್ಪಿನ ಅಂಟು ಮೆತ್ತಿ ಎರಡು ಅಂಗೈಯೂ ಡಾಂಬರಿನಂತೆ ಕಪ್ಪಾಗಿತ್ತು. ತೊಳೆದರೂ ಹೋಗದ ಅಂಟು ಅದು. ಸೊಪ್ಪಿನ ಕಾಲದಲ್ಲಿ ಹೊಲದ ಮೇಲಿರುವವಳ ಮೊದಲ ತುತ್ತು ಯಾವಾಗಲೂ ಕಹಿ. ನಡುಮನೆಯಲ್ಲಿ, ಅಡುಗೆಮನೆಯ ಬಾಗಿಲಿಗೆ ನೇರವಾಗಿ ಚಾಪೆ ಹಾಸಿಕೊಂಡು, ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡು, ಒಂದು ಕಣ್ಣಿನಷ್ಟು ಸಂದು ಬಿಟ್ಟುಕೊಂಡಳು.

ಮರಮ್ಮ ಗೋಡೆ ತಡವುತ್ತ ಬಂದು ಪೆಟ್ಟಿಗೆಯ ಬೀಗ ತೆಗೆದಳು. "ದೊಡ್ಡೋನು ಒಂದು, ಸಣ್ಣೋನು ಎರಡು, ಗುಂಡ ಮೂರು, ಮಕ್ಕಳು ಮೂರು ಸೇರಿ ಆರು, ನಂದು ಏಳು..." ಕ್ಷಣ ನಿಂತಳು. "ಸುಂದ್ರಿ ಮನೇಲೇ ಮಲಗವಳೆ. ಆಗ್ಲಿ, ಎಂಟು." ಪೆಟ್ಟಿಗೆಯ ಬಾಯಿ ಮುಚ್ಚಿತು.

ಬೇರೆ ದಿನವಾಗಿದ್ದರೆ ಸುಂದ್ರಮ್ಮನಿಗೆ ಅದು ಕೇಳಿಸುತ್ತಲೂ ಇರಲಿಲ್ಲ. ಅತ್ತೆ ಆ ಹೊತ್ತು ಒಂದು ಗಳಿಗೆ ನಿಂತು ಅವಳ ಹೆಸರು ಹೇಳಿದ್ದರಿಂದ ಎಣಿಕೆ ಕಿವಿಗೆ ಸಿಕ್ಕಿಕೊಂಡಿತು. ಕಂಬಳಿಯೊಳಗೆ, ಕಪ್ಪು ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತ, ಮನೆಯವರನ್ನು ತಾನೂ ಎಣಿಸಿದಳು. ಎಂಟು ಬೆರಳು ಮಡಿಸಿದರೂ ಒಲೆಯ ಮುಂದೆ ಕೂತಿದ್ದ ವೀರಮ್ಮ ಇನ್ನೂ ಹೊರಗೇ ಇದ್ದಳು. ಮತ್ತೆ ಎಣಿಸಿದಳು. ಮನೆಯಲ್ಲಿ ಇದ್ದದ್ದು ಒಂಬತ್ತು ಜನ.

ಅಷ್ಟರಲ್ಲಿ ವೀರಮ್ಮ ಮೊರದಿಂದ ಒಂದು ತುಂಬು ಹಿಡಿ ಹಿಟ್ಟು ತೆಗೆದು ಮಡಕೆಗೆ ಹಾಕಿದಳು. ಮಿರ್ಲೆಯ ಬ್ಯಾಗೂ ಇಲ್ಲ, ಮಂತ್ರವೂ ಇಲ್ಲ. ಉಳಿದದ್ದನ್ನು ಕುದಿಯುವ ನೀರಿಗೆ ಸುರಿದು ತೊಳಸಿ ಎಂಟು ಮುದ್ದೆ ಕಟ್ಟಿದಳು. ಮಕ್ಕಳಿಗೆ, ಗಂಡಸರಿಗೆ, ಗುಂಡನಿಗೆ, ಅತ್ತೆಗೆ ಬಡಿಸಿದಳು. ಒಂದನ್ನು ತಟ್ಟೆಯಲ್ಲಿಟ್ಟು ಮುಚ್ಚಿದಳು. ಆಮೇಲೆ ಬರಿದಾದ ಪಾತ್ರೆಗೆ ಒಂದು ಚೊಂಬು ನೀರು ಹುಯ್ದು, ಸಟ್ಟುಗದಲ್ಲಿ ಸೀಕು ಕೆರೆದು, ಉಪ್ಪು ಕಲಕಿ, ಒಂದು ಹಸಿಮೆಣಸಿನಕಾಯಿ ಕಚ್ಚಿಕೊಂಡು, ನಿಂತೇ ಗಟಗಟ ಕುಡಿದಳು. ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಅಷ್ಟೇ.

"ಉಂಡ್ಯೇನಮ್ಮಿ ವೀರಿ?" ಜಗುಲಿಯಿಂದ ಮರಮ್ಮ ಕೇಳಿದಳು.

"ಊಂ ಕಣತ್ತೆ. ಹೊಟ್ಟೆ ತುಂಬ."

ಮುಚ್ಚಿಟ್ಟಿದ್ದ ತಟ್ಟೆ ಸುಂದ್ರಮ್ಮನ ಚಾಪೆಯ ಹತ್ತಿರ ಬಂತು. ಅವರೆಕಾಳಿನ ಬಸ್ಸಾರಿನಲ್ಲಿ ಅರ್ಧ ಮುಳುಗಿದ ದಪ್ಪ ಮುದ್ದೆ. "ಎದ್ದು ವಸಿ ಉಣ್ಣಿ ಅಕ್ಕ. ಖಾಲಿ ಹೊಟ್ಟೇಲಿ ತಲೆನೋವು ಇಳಿಯಾಕಿಲ್ಲ."

ಸುಂದ್ರಮ್ಮ ಎದ್ದು ಕೂತಳು. ಅಯ್ಯೋ ಪಾಪ ಎಂದು ಅವಳ ಮನಸ್ಸು ಕರಗಿತು ಎಂದು ಬರೆದರೆ ಸುಳ್ಳಾದೀತು. ಅವಳಿಗೆ ಮೊದಲು ಬಂದದ್ದು ಸಿಟ್ಟು. ಆರು ವರ್ಷದಿಂದ ಇವಳು ಹೀಗೆ ನೀರು ಕುಡಿದುಕೊಂಡು ಬಂದಿದ್ದಾಳೆ. ನನಗೆ ಒಂದು ತಿಂಗಳು ಆಗಲಿಲ್ಲ. ಹಸಿವಿನಲ್ಲೂ ಇವಳೇ ಗೆದ್ದಳು. ಹಾಗೆಂದುಕೊಳ್ಳುತ್ತಲೇ ಕಹಿ ಕೈಯಲ್ಲಿ ಮುದ್ದೆ ಮುರಿದು ಸಾರಿಗೆ ಅದ್ದಿ ಅಷ್ಟನ್ನೂ ಉಂಡಳು. ಉಂಡಾದ ಮೇಲೆ ತಟ್ಟೆಯನ್ನು ನೋಡುತ್ತ ಕೂತವಳಿಗೆ ಎರಡನೆಯದು ನಿಧಾನವಾಗಿ ಬಂತು. ತಾನು ಹತ್ತು ವರ್ಷ ಕಳ್ಳಮುದ್ದೆ ಎಂದುಕೊಂಡು ಒಲೆಯ ಕಡೆ ತಿರುಗಿ ನುಂಗಿದ್ದು ಕಳ್ಳತನವೇ ಆಗಿರಲಿಲ್ಲ. ಒಲೆ ಮುಂದಿರುವವಳ ಪಾಲನ್ನು ಅತ್ತೆ ಅಳೆದೇ ಇರಲಿಲ್ಲ.

ಹತ್ತೊಂಬತ್ತು ದಿನದ ಮೇಲೆ, ಭಾನುವಾರ, ಮರಮ್ಮ ಮೈಸೂರಿಗೆ ಹೊರಟಳು. ಹತ್ತು ಗಂಟೆಯ ಬಸ್ಸು. ಸಣ್ಣಬೀರಯ್ಯ ವಾಚು ನೋಡಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದ. ದೊಡ್ಡಬೀರಯ್ಯ ಅವ್ವನ ಬಟ್ಟೆಗಂಟು ಕಟ್ಟುತ್ತಿದ್ದ. ಮಕ್ಕಳು ಅಜ್ಜಿಯ ಸುತ್ತ. ಮರಮ್ಮ ಸೊಂಟದಿಂದ ಬೀಗದ ಕೈ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡಳು.

"ವೀರಿ, ಬಾ ಇಲ್ಲಿ. ಬಿಗಿ ಕೈಯೋಳು ಕಣಮ್ಮಿ ನೀನು. ಹಿಡ್ಕೊ."

"ಅತ್ತೆ, ತಡೀರಿ," ಎಂದಳು ಸುಂದ್ರಮ್ಮ. ತನ್ನ ದನಿ ತನಗೇ ಜೋರಾಗಿ ಕೇಳಿಸಿತು. "ನೀವು ಕಣ್ಣಾರ ಕಂಡು ಯೋಳು ಅಂದಿದ್ರಿ. ಕಂಡಿದ್ದೀನಿ. ಅವಳದು ಕೈ ಬಿಗಿ ಏನಲ್ಲ. ಅವಳು ಉಣ್ಣಾಕಿಲ್ಲ, ಅಷ್ಟೆಯ."

ವೀರಮ್ಮ ಚಾಚಿದ್ದ ಕೈ ಹಾಗೇ ನಿಂತಿತು.

"ಪಾತ್ರೆ ತೊಳ್ದ ನೀರಿಗೆ ಉಪ್ಪಾಕ್ಕೊಂಡು ಕುಡೀತಾಳೆ. ತನ್ನ ವಾರ ಪೂರ್ತಿ. ಬೇಕಾದ್ರೆ ಕೇಳಿ."

"ಅಕ್ಕ!" ವೀರಮ್ಮನ ಮುಖ ಕೆಂಡವಾಯಿತು. "ನಿಮ್ಮನ್ನ ಕೇಳಿದ್ನಾ ನಾನು? ಈ ಮನೇಲಿ ನಂಗಿದ್ದದ್ದು ಅದೊಂದು ಒಳ್ಳೆ ಹೆಸ್ರು. ಅದ ಕಂಡ್ರೂ ತಡ್ಕಳಾಕಾಗ್ನಿಲ್ವಾ ನಿಮ್ಗೆ?"

"ಇಲ್ಲ, ತಡ್ಕಳಾಕಾಗ್ನಿಲ್ಲ," ಎಂದಳು ಸುಂದ್ರಮ್ಮ. ಸುಳ್ಳು ಹೇಳಲು ಅವಳಿಗೆ ತೋಚಲಿಲ್ಲ. "ಉರ್ಕೊಂಡೇ ನಿನ್ನ ಇಣಿಕಿ ನೋಡ್ದೆ. ಈಗ ನೀ ಸುಮ್ಕಿರು. ರಮ್ಯಾ, ಬಾರವ್ವ. ನಮ್ಮಟ್ಟೀಲಿ ಏಟು ಜನ ಅವರೆ, ಎಣಿಸು."

ಮೂರನೆಯ ಕ್ಲಾಸಿನ ರಮ್ಯಾ ಸುಂದ್ರಮ್ಮನ ಮೊದಲ ಮಗಳು. ಬೆರಳು ಚಾಚಿ ಎಲ್ಲರನ್ನೂ ತೋರಿಸುತ್ತ, ಕೊಟ್ಟಿಗೆಯಲ್ಲಿದ್ದ ಗುಂಡನನ್ನೂ ಬಿಡದೆ ಎಣಿಸಿ, "ಒಂಬತ್ತು," ಎಂದಳು.

"ನಿಮ್ಮಜ್ಜಿ ಏಟು ಬಟ್ಲು ಅಳೀತದೆ?"

"ಎಂಟು." ಕೇಳಿ ಕೇಳಿ ಅದಕ್ಕೂ ಬಾಯಿಪಾಠವಾಗಿತ್ತು.

"ನಾನು ಒಲೆ ಮುಂದಿರೋವಾಗ ಎಲ್ಲಾರ ಇಟ್ಟೂ ಸಣ್ಣುಕ್ಕೆ ಕಟ್ಟಿ ಒಂದು ಕದ್ದು ಉಂಡೆ ಅತ್ತೆ. ಅವಳು ಕದೀನಿಲ್ಲ. ಕೈ ಸಡ್ಲ, ಕೈ ಬಿಗಿ ಅಂತ ನೀವು ಅಂದಿದ್ದೆಲ್ಲ ಇದೇಯ."

ದೊಡ್ಡಬೀರಯ್ಯ ಗಂಟನ್ನು ಹೆಗಲಿಗೇರಿಸಿದ. "ಥೂ, ಇಟ್ಟಿನ ಪಾತ್ರೆ ಪಂಚಾಯ್ತಿ ಮಾಡೋ ಹೊತ್ತಾ ಇದು? ಬಸ್ಸು ಬತ್ತದೆ ನಡ್ಯವ್ವ."

ಮರಮ್ಮ ಮಗನ ಕಡೆ ತಿರುಗಲಿಲ್ಲ. ಪೊರೆ ಬಂದ ಕಣ್ಣು ಒಲೆ ಇದ್ದ ದಿಕ್ಕಿಗೆ ನೆಟ್ಟಿತ್ತು. "ನಮ್ಮತ್ತೆನೂ ನನ್ನ ಅಳೀನಿಲ್ಲ ಕಣಮ್ಮಿ," ಎಂದಳು. "ಬೇಯ್ಸೋಳಿಗೇನು, ಪಾತ್ರೆ ಅವಳ ಕೈಲೇ ಅದಲ್ಲ ಅನ್ನೋರು. ಅವರಂದಂಗೆ ನಾನಂದೆ. ನಾನೇನು ಸತ್ತೋದ್ನಾ?" ಅವಳು ವೀರಮ್ಮನ ಕೈ ಹುಡುಕಿ ಬೀಗದ ಕೈಯನ್ನು ಅದರಲ್ಲಿಟ್ಟು, ಬೆರಳು ಮಡಿಸಿ, ದೊಡ್ಡ ಮಗನ ತೋಳು ಹಿಡಿದು ಹೊಸ್ತಿಲು ದಾಟಿದಳು.

ಬೀಗದ ಕೈ ಹೋಯಿತು. ಸುಂದ್ರಮ್ಮ ಅಡುಗೆಮನೆಗೆ ಬಂದು, ಮಾಡಲು ಕೆಲಸವಿಲ್ಲದಿದ್ದರೂ ತೊಳೆದ ಪಾತ್ರೆಗಳನ್ನು ಮತ್ತೆ ತೊಳೆದಳು. ಆ ದಿನವಿಡೀ ವೀರಮ್ಮ ಅವಳ ಜೊತೆ ಮಾತಾಡಲಿಲ್ಲ.

ಮರುದಿನ ಸೋಮವಾರ, ಸುಂದ್ರಮ್ಮನ ಒಲೆಯ ವಾರ. ಅವ್ವನನ್ನು ಆಸ್ಪತ್ರೆಗೆ ಸೇರಿಸಿ ದೊಡ್ಡಬೀರಯ್ಯ ರಾತ್ರಿಯ ಬಸ್ಸಿಗೇ ವಾಪಸಾಗಿದ್ದ. ನೀರು ಕುದಿಯುತ್ತಿತ್ತು. ಮೊರ ಹಿಡಿದು ಪೆಟ್ಟಿಗೆಯ ಮುಂದೆ ನಿಂತಳು. ಹೀಗೆ ನಿಲ್ಲಬಾರದೆಂದೇ ಅಷ್ಟೆಲ್ಲ ಒದ್ದಾಡಿದ್ದಳು, ನಿಂತಳು. ವೀರಮ್ಮ ಸೊಂಟದ ಬೀಗದ ಕೈಯಲ್ಲಿ ಪೆಟ್ಟಿಗೆ ತೆಗೆದು, ಮುಖ ಎತ್ತದೆ, ಬಟ್ಟಲು ತುಂಬಿ ತುಂಬಿ ಸುರಿದಳು. ಅತ್ತೆ ಮನೆಯಲ್ಲಿಲ್ಲ, ಆದರೂ ಎಣಿಕೆ ಅತ್ತೆಯದೇ ರಾಗದಲ್ಲಿತ್ತು. "ದೊಡ್ಡಬಾವ ಒಂದು, ನಮ್ಮನೆಯೋರು ಎರಡು, ಗುಂಡ ಮೂರು, ಮಕ್ಕಳು ಮೂರು ಸೇರಿ ಆರು, ನಾನು ಹೊಲದ ಮೇಲಿರೋಳು ಏಳು."

ಬಟ್ಟಲು ಪೆಟ್ಟಿಗೆಯೊಳಗೆ ನಿಂತಿತು. ಅತ್ತೆಯ ಬಟ್ಟಲು ಈ ಹೊತ್ತು ಬೇಕಿಲ್ಲ. ಸುಂದ್ರಮ್ಮ ಮೊರವನ್ನು ಹಿಂದಕ್ಕೆಳೆದುಕೊಳ್ಳುವಷ್ಟರಲ್ಲಿ ಇನ್ನೊಂದು ಬಟ್ಟಲು ಬಿತ್ತು.

"ಒಲೆ ಮುಂದಿರೋಳು ಎಂಟು," ಎಂದಳು ವೀರಮ್ಮ. "ಅತ್ತೆ ಬಂದ್ಮ್ಯಾಲೆ ಒಂಬತ್ತು." ಪೆಟ್ಟಿಗೆ ಮುಚ್ಚಿ ಬೀಗ ಹಾಕಿದಳು. ಎದ್ದು ಹೋಗುವಾಗ ಬಾಗಿಲಲ್ಲಿ ತಿರುಗಿದಳು. "ಇನ್ಮ್ಯಾಲೆ ಇಟ್ಟ ಕಿತ್ಲೆಹಣ್ಣಿನಂಗೆ ಕಟ್ಟುದ್ರೆ ನೋಡಿ ಅಕ್ಕ. ಮೊರದ ಕೆಳಗೆ ಏನದೆ ಅಂತ ನಂಗೆ ಮೊದ್ಲಿಂದ ಗೊತ್ತು."

ಆರು ವರ್ಷ ಗೊತ್ತಿದ್ದೂ ಅವಳು ಅತ್ತೆಗೆ ಹೇಳಿರಲಿಲ್ಲ. ಸುಂದ್ರಮ್ಮನಿಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ಮತ್ತೆ ಹೊಗೆ ಎದ್ದಿತು. ಒಳ್ಳೆತನದ ಹೆಸರನ್ನೂ ಇವಳೇ ಬಾಚಿಕೊಳ್ಳುತ್ತಾಳಲ್ಲ! ಬಾಯಿ ಬಿಟ್ಟವಳು ನಾನು. ಬಟ್ಟಲು ಹಾಕಿದವಳು ಅವಳು. ನಾಳೆ ಟ್ಯಾಂಕಿನ ಹತ್ತಿರ ಯಾರ ಹೆಸರು ಹೇಳುತ್ತಾರೆ?

ಆ ದಿನ ಎಲ್ಲರೂ ಉಂಡು ಎದ್ದ ಮೇಲೆ ಸುಂದ್ರಮ್ಮ ಅಡುಗೆಮನೆಯ ನಡುವೆ ಮಣೆ ಹಾಕಿಕೊಂಡು, ಬಾಗಿಲಿಗೆ ಮುಖ ಮಾಡಿ ಕೂತಳು. ತಟ್ಟೆಯಲ್ಲಿ ದಪ್ಪ ಮುದ್ದೆ, ಪಕ್ಕದಲ್ಲಿ ಈರುಳ್ಳಿ. ನಿಧಾನವಾಗಿ ಉಂಡಳು. ಕೈ ತೊಳೆದುಕೊಂಡು ಮೂಲೆಗೆ ಹೋಗಿ ತನ್ನ ಮಡಕೆಯ ತಟ್ಟೆ ಸರಿಸಿ ಬೆಳಿಗ್ಗೆ ಹಾಕಿದ್ದ ಹಿಡಿ ಹಿಟ್ಟನ್ನು ನೋಡಿದಳು. ಆಮೇಲೆ ಯಾರೂ ಬರುತ್ತಿಲ್ಲವೆಂದು ನೋಡಿಕೊಂಡು, ಎಷ್ಟಿದೆಯೆಂದು ತಿಳಿಯಲು ವೀರಮ್ಮನ ಮಡಕೆಯೊಳಗೆ ಮೊಣಕೈಯವರೆಗೆ ಕೈ ಇಳಿಸಿದಳು. ಮೈಸೂರಿಗೆ ಹೊರಡುವ ಗಡಿಬಿಡಿಯಲ್ಲಿ ನಿನ್ನೆ ಭಾನುವಾರ ಯಾರೂ ಅಳೆದಿರಲಿಲ್ಲ. ಅದರಲ್ಲಿ ಇನ್ನೂ ಮುಕ್ಕಾಲು ಮಡಕೆ ಹಿಟ್ಟಿತ್ತು.